ತಮ್ಮನ ಕಂಪ್ಯೂಟರು ಎದ್ದ ಮಧ್ಯಾಹ್ನ

ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹಳೆಯ ಕಂಪ್ಯೂಟರೂ ಏಳಲಿಲ್ಲ. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂದು ನಿಲ್ಲುತ್ತಿತ್ತು, ಅಷ್ಟೇ.

ಅದರೊಳಗೆ ಅವನ ದನಿ ಇತ್ತು. ಎದುರುಮನೆಯ ದರ್ಜಿ ನಮ್ಮ ತಮ್ಮನ ಗೆಳೆಯ. ವಯಸ್ಸಾದ ಮೇಲೆ ದರ್ಜಿಯ ಎರಡೂ ಕಣ್ಣು ಹೋದವು. ಅವನಿಗಾಗಿ ತಮ್ಮ ದೇವರ ಸ್ತುತಿಗಳ ದಪ್ಪ ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದ. ಅಧ್ಯಾಯ ಮುಗಿದಂತೆಲ್ಲ ಕೊಟ್ಟು ಬರುತ್ತಿದ್ದ. ‘ಕಡೆಯದೂ ಮುಗಿಯಿತು, ನಾಳೆ ತಂದುಕೊಡ್ತೀನಿ’ ಎಂದಿದ್ದನಂತೆ. ಆ ನಾಳೆಯನ್ನು ದೇವರು ಅವನಿಗೆ ಕೊಡಲಿಲ್ಲ.

ರಿಪೇರಿ ಅಂಗಡಿಯವನು ಬಂದು ನೋಡಿ, ಎಲ್ಲ ಅಳಿಸಿ ಹೊಸದಾಗಿ ಹಾಕುವುದೊಂದೇ ದಾರಿ ಎಂದ. ತಮ್ಮನ ಹೆಂಡತಿ ಅವನಿಗೆ ಕುಡಿಯಲು ನೀರು ಕೊಟ್ಟು ಕಳಿಸಿಬಿಟ್ಟಳು. ಆಮೇಲೆ ತಾನೇ ಅಲ್ಲಿ ಇಲ್ಲಿ ಓದಿದಳು. ಒಂದು ಪೆನ್‌ಡ್ರೈವಿನಲ್ಲಿ ಬೇರೆ ಆಪರೇಟಿಂಗ್ ಸಿಸ್ಟಂ ತುಂಬಿ ಚುಚ್ಚಿದರೆ ಯಂತ್ರ ಏಳುತ್ತದೆ, ಹಳೆಯದರ ಪಕ್ಕದಲ್ಲೇ ಹೊಸದನ್ನು ಕೂರಿಸಬಹುದು ಎಂದು ತಿಳಿದುಕೊಂಡಳು.

ಭಾನುವಾರ ಮಧ್ಯಾಹ್ನ ಅವಳು, ನಾನು, ದರ್ಜಿ ಮೂವರೂ ಮೇಜಿನ ಸುತ್ತ ಕೂತೆವು. ದರ್ಜಿ ಕೂರುವ ಮೊದಲೇ ಕರಾರು ಹಾಕಿದ. “ನನಗೆ ಕಾಣಲ್ಲ. ಪರದೆ ಮೇಲೆ ಏನು ಬಂದ್ರೂ ಓದಿ ಹೇಳ್ಬೇಕು. ಒಂದಕ್ಷರ ನುಂಗಬಾರದು.”

ಆ ಕೆಲಸ ನನ್ನ ಪಾಲಿಗೆ ಬಂತು. ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕಿದವನು ನಾನು. ಕಂಪ್ಯೂಟರು ತಿಳಿಯದು, ಓದುವುದು ತಿಳಿಯುತ್ತದೆ.

“ಕಾಪಿ ಆಯ್ತು ಭಾವ” ಎಂದು ಅವಳು ಪೆನ್‌ಡ್ರೈವನ್ನು ತನ್ನ ಲ್ಯಾಪ್‌ಟಾಪಿನಿಂದ ಕಿತ್ತು ಹಳೆಯ ಯಂತ್ರಕ್ಕೆ ಚುಚ್ಚಿದಳು. ಮತ್ತೆ ಅದೇ ಬಿಳಿ ಸಾಲು. ಓದಿ ಹೇಳಿದೆ.

“ಬಟ್ಟೆ ಮಡಚಿ ಇಟ್ರೆ ಅಂಗಿ ಆಗುತ್ತೇನಮ್ಮಾ? ಹೊಲೀಬೇಕಲ್ಲ” ಎಂದ ದರ್ಜಿ.

“ನಿಮಗೆ ಲೋಕವೆಲ್ಲ ಅಂಗೀನೇ” ಎಂದು ಅವಳು ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಅವಳು ಲ್ಯಾಪ್‌ಟಾಪಿನಲ್ಲಿ ಮತ್ತೆ ಓದಿ ನೋಡಿದಾಗ, ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಸಾಲದು, ಅದನ್ನು ಬರೆಯಲು ಬೇರೆಯೇ ಒಂದು ಪ್ರೋಗ್ರಾಂ ಬೇಕು ಎಂದು ತಿಳಿಯಿತು. “ದರ್ಜಿಗಳೇ, ಹೊಲಿಗೇನೇ ಬೇಕಂತೆ” ಎಂದಳು.

ಆ ಪ್ರೋಗ್ರಾಮಿನಿಂದ ಬರೆದು ಮತ್ತೆ ಚುಚ್ಚಿದಳು. ಈ ಸಲ ಪರದೆಗೆ ಬಣ್ಣ ಬಂತು. ಬೆರಳುದ್ದದ ಆ ತುಂಡು ಇಷ್ಟು ದಿನ ಸತ್ತಂತೆ ಬಿದ್ದಿದ್ದ ಪೆಟ್ಟಿಗೆಯನ್ನು ಎಬ್ಬಿಸಿ ಕೂರಿಸಿತ್ತು. ಮಣ್ಣಿಗೆ ಉಸಿರು ಕೊಟ್ಟವನನ್ನು ನೆನೆದು ಕೈಮುಗಿದೆ.

ಅವಳು ಅವಸರದಲ್ಲಿದ್ದಳು. ಇನ್‌ಸ್ಟಾಲ್ ಎಂಬುದನ್ನು ಒತ್ತಿ, ಬಂದ ಪುಟಗಳನ್ನೆಲ್ಲ ಮುಂದೆ ಮುಂದೆ ಎಂದು ದಾಟಿಸತೊಡಗಿದಳು.

“ಓದ್ತಾನೇ ಇಲ್ಲ ನೀನು” ಎಂದು ದರ್ಜಿ ಗೊಣಗಿದ.

“ತಡಿಯಮ್ಮ, ಇವನಿಗೆ ಹೇಳಿಬಿಡ್ತೀನಿ” ಎಂದು ಎದುರಿಗಿದ್ದ ಪುಟವನ್ನು ಗಟ್ಟಿಯಾಗಿ ಓದಿದೆ. ಡಿಸ್ಕ್ ಅಳಿಸಿ ಹೊಸದನ್ನು ಹಾಕು ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಿಮ್ಮ ಫೈಲುಗಳೆಲ್ಲ ಹೋಗುತ್ತವೆ ಎಂದಿತ್ತು. ಆಯ್ಕೆಯ ಚುಕ್ಕೆ ಆಗಲೇ ಅಲ್ಲಿ ಕೂತಿತ್ತು. ಅವಳ ಬೆರಳು ಗುಂಡಿಯ ಮೇಲಿತ್ತು.

ಅವಳು ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಮೊದಲನೇ ಪುಟದಿಂದ ಓದಪ್ಪಾ” ಎಂದ ದರ್ಜಿ, ಮೆಲ್ಲಗೆ.

ಹಿಂದಕ್ಕೆ ಹೋದೆವು. ನಾವು ಕಣ್ಣೆತ್ತಿಯೂ ನೋಡದೆ ದಾಟಿದ ಮೊದಲನೆಯ ಪುಟದಲ್ಲೇ, ಏನನ್ನೂ ಹಾಕದೆ ಸುಮ್ಮನೆ ನಡೆಸಿ ನೋಡು ಎಂಬ ಸಾಲಿತ್ತು. ಅದನ್ನು ಒತ್ತಿದಳು. ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನ ಬಲದಿಂದಲೇ ಯಂತ್ರ ಪೂರ್ತಿ ಎದ್ದಿತು. ತಮ್ಮನ ಡಿಸ್ಕು ಅದರೊಳಗೆ ಹಾಗೇ ಕಾಣಿಸಿತು. ಕಡೆಯ ಅಧ್ಯಾಯವೂ ಸಿಕ್ಕಿತು.

ತಮ್ಮ ಓದಿದ. ಎಲ್ಲೂ ಎಡವಲಿಲ್ಲ. ನಾವು ಕೇಳುತ್ತ ಕೂತೆವು. ದರ್ಜಿಯ ತುಟಿ ಜೊತೆಯಲ್ಲೇ ಆಡುತ್ತಿತ್ತು. ಕೊನೆಯ ಸ್ತುತಿ ಮುಗಿದ ಮೇಲೆ ತಮ್ಮ ರೆಕಾರ್ಡಿಂಗನ್ನು ಕೂಡಲೇ ನಿಲ್ಲಿಸಿರಲಿಲ್ಲ. ಮಾತಿರಲಿಲ್ಲ, ಬರೀ ಕೋಣೆಯ ಸದ್ದು. ಅವಳು ಮುಚ್ಚಲು ಹೋದಳು.

“ಇರಮ್ಮ” ಎಂದ ದರ್ಜಿ. “ಎರಡು ಫ್ಯಾನು ತಿರುಗ್ತಿವೆ.”

“ಒಂದೇ ಅಲ್ವಾ ಇರೋದು, ಈ ಪೆಟ್ಟಿಗೆಯೊಳಗೆ” ಎಂದಳು ಅವಳು.

“ಅದೊಂದು. ಇನ್ನೊಂದು ಅವನ ಹತ್ತಿರ.”

ಕಿವಿಗೊಟ್ಟೆವು. ಹೌದು. ತಮ್ಮ ಓದಿದ ದಿನ ತಿರುಗುತ್ತಿದ್ದ ಫ್ಯಾನು ಸ್ಪೀಕರಿನಲ್ಲಿ, ಅದೇ ಫ್ಯಾನು ಈ ದಿನ ಮೇಜಿನ ಕೆಳಗೆ. ಎರಡೂ ಕೂಡಿ ಒಂದೇ ಕೋಣೆಯಲ್ಲಿ ಹಾಡುತ್ತಿದ್ದವು. ದೇವರ ಎದುರಿಗೆ ಅಂದು ಇಂದು ಎಂಬುದಿಲ್ಲ ಎಂದು ಚಿಕ್ಕಂದಿನಿಂದ ಪಠಿಸಿಕೊಂಡು ಬಂದವನು ನಾನು. ಕಿವಿಯಿಂದ ಕೇಳಿದ್ದು ಆಗಲೇ ಮೊದಲು. ಕುರ್ಚಿ ಕಿರುಗುಟ್ಟಿತು, ತಮ್ಮ ಎದ್ದಿರಬೇಕು. ಟಕ್ ಎಂದು ರೆಕಾರ್ಡಿಂಗ್ ಮುಗಿಯಿತು. ಒಂದು ಫ್ಯಾನು ನಿಂತಿತು. ಇನ್ನೊಂದು ತಿರುಗುತ್ತಲೇ ಇತ್ತು.

ದರ್ಜಿ ಮುಖ ಒರೆಸಿಕೊಂಡ.

“ಕಾಪಿ ಮಾಡಿ ಕೊಡಮ್ಮ” ಎಂದ. “ಕೊನೇಲಿ ಕತ್ತರಿ ಹಾಕಬೇಡ. ಆ ಸದ್ದೂ ಇರಲಿ.”