ಎರಡನೇ ದಿನದ ತಟ್ಟೆ

"ಹಂಡೆ ತೊಳೆಯೋನನ್ನ ಯಾವ ಮೆಷಿನ್ ತಗೋಬೇಕು ಅಂತ ಇಲ್ಲಿ ಯಾರೂ ಕೇಳಿಲ್ಲ," ಎಂದರು ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥರು. ಮೇಜಿನ ಸುತ್ತ ಕೂತವರೆಲ್ಲ ನಕ್ಕರು. ಯಂತ್ರ ಮಾರಲು ಬಂದಿದ್ದ ಇಬ್ಬರು ಕಂಪನಿಯವರಂತೂ ಪೈಪೋಟಿಗೆ ಬಿದ್ದು ನಕ್ಕರು.

ಬಾಗಿಲಲ್ಲಿ ನಿಂತವನನ್ನು ಎಲ್ಲರೂ ಬಾಣಸಿಗ ಎನ್ನುತ್ತಿದ್ದರು. ರೋಗಾಣು ಬೆಳೆಸುವ ಅಗರ್ ಎಂಬ ಅಂಟುಗಂಜಿ ಕಾಯಿಸಿ ತಟ್ಟೆಗಳಿಗೆ ಹೊಯ್ಯುವುದು ಅವನ ಹನ್ನೊಂದು ವರ್ಷದ ಕೆಲಸ. ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದಿದ್ದರೂ ತಟ್ಟೆ ನೋಡುವ ಕಣ್ಣು ಪಳಗಿತ್ತು. ನಿಯಮದಂತೆ ತಟ್ಟೆಯನ್ನು ಒಂದು ದಿನಕ್ಕೆ ಓದಿ ಬಿಸಾಡಬೇಕು. ಇವನು ಮಾತ್ರ ಅನುಮಾನ ಬಂದದ್ದನ್ನು ಕಾವುಪೆಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ದಿನ ಇಡುತ್ತಿದ್ದ.

ಈ ಸಲ ಇಟ್ಟದ್ದು ತನ್ನ ಅಕ್ಕನ ರಕ್ತದ ತಟ್ಟೆ.

ಹೆರಿಗೆಯ ನಂತರ ರಕ್ತಕ್ಕೆ ನಂಜೇರಿ ಅಕ್ಕ ಮೂರನೇ ಮಹಡಿಯ ವಾರ್ಡಿನಲ್ಲಿದ್ದಳು. ಕೂಸು ಮನೆಯಲ್ಲಿ ಅಮ್ಮನ ಕೈಯಲ್ಲಿತ್ತು. ಕೊಳ್ಳುವ ಮೊದಲು ಪರೀಕ್ಷೆಗೆಂದು ತಂದಿಟ್ಟಿದ್ದ, ರೋಗಾಣು ಓದುವ ಎರಡು ಯಂತ್ರಗಳೂ ಕೊಡುತ್ತಿರುವ ಔಷಧವೇ ಸಾಕು ಎಂದಿದ್ದವು. ಮೊದಲ ದಿನ ತಟ್ಟೆಯೂ ಅದನ್ನೇ ಹೇಳಿತ್ತು: ಔಷಧದ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬಳೆಯ ಹಾಗೆ ಖಾಲಿ ಜಾಗ. ಎರಡನೇ ದಿನ ಆ ಬಳೆಯೊಳಗೆ ಸಾಸಿವೆಗಿಂತ ಸಣ್ಣ ಚುಕ್ಕೆಗಳೆದ್ದವು. ಔಷಧಕ್ಕೆ ಜಗ್ಗದ ಜಾತಿ.

ಅದನ್ನು ಹಿಡಿದು ಓಡಿಬಂದವನು, ಎರಡೂ ಮೆಷಿನ್ ಸುಳ್ಳು ಹೇಳುತ್ತಿವೆ, ಔಷಧ ಬದಲಾಯಿಸಿ ಎಂದಿದ್ದ. ಅದಕ್ಕೇ ಆ ಮಾತು, ಆ ನಗು. ಮುಖ್ಯಸ್ಥರು ತಟ್ಟೆ ಮುಟ್ಟಲೂ ಇಲ್ಲ. ಎರಡು ಯಂತ್ರ ಒಂದೇ ಮಾತು ಹೇಳಿದರೆ ತಪ್ಪು ತಟ್ಟೆಯದೇ ಎಂಬುದು ಎರಡರಲ್ಲೊಂದು ಯಂತ್ರ ಆರಿಸಲೆಂದು ಅವರೇ ಮಾಡಿದ ಕಟ್ಟಳೆ. ಅಗರ್ ದಪ್ಪಗೆ ಹೊಯ್ದಿದ್ದಾನೆ ಎಂದು ಎಲ್ಲರೆದುರು ಹೇಳಿ, ಪಟ್ಟಿಯಲ್ಲಿ 'ತಟ್ಟೆ ದೋಷ' ಎಂದು ಗೀಚಿದರು.

ಅವನು ಮೆಟ್ಟಿಲು ಹಾರಿ ವಾರ್ಡಿಗೆ ಹೋದ. ಅಲ್ಲಿನ ಡಾಕ್ಟರಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ತುಟಿ ಕಚ್ಚಿದಳು. ವರದಿಯ ಮೇಲೆ ಮುಖ್ಯಸ್ಥರ ಸಹಿ ಇಲ್ಲದೆ ಔಷಧ ಬದಲಾಯಿಸುವ ಹಾಗಿರಲಿಲ್ಲ. ಅವರಿಗೆ ಫೋನ್ ಮಾಡಿದಳು, ಬೈಸಿಕೊಂಡಳು, ಇವನ ಮುಖ ನೋಡದೆ ಆಚೆ ಹೋದಳು.

"ಯಾಕೋ ಮುಖ ಹಂಗಿದೆ? ಅಗರ್ ತಳ ಹಿಡೀತಾ?" ಎಂದಳು ಅಕ್ಕ. ಮೈ ಕಾದ ಹಂಚಾಗಿದ್ದರೂ ಚೇಷ್ಟೆ ಬಿಟ್ಟಿರಲಿಲ್ಲ.

"ಹೂಂ ಕಣೇ. ನೀನು ಮಲಕ್ಕೋ."

ಮೂರು ದಿನ ಅದೇ ಔಷಧ ಹನಿಹನಿಯಾಗಿ ಇಳಿಯಿತು. ನಾಲ್ಕನೇ ದಿನ, ಹೊಸದಾಗಿ ತೆಗೆದ ರಕ್ತ ನೋಡಿದ ಎರಡೂ ಯಂತ್ರಗಳು, ಔಷಧ ಕೆಲಸಕ್ಕೆ ಬಾರದು ಎಂದವು. ಆಗಲೂ ಒಂದೇ ಮಾತು. ವರದಿ ಬಂದದ್ದು ಹತ್ತೂವರೆಗೆ. ಅಕ್ಕ ಒಂಬತ್ತಕ್ಕೇ ಹೋಗಿಬಿಟ್ಟಿದ್ದಳು.

ಅವಳ ಚಪ್ಪಲಿ, ಬಾಚಣಿಗೆ ತುಂಬಿದ ಚೀಲ ಹಿಡಿದು ಅವನು ಇಳಿದು ಬಂದಾಗ ಮುಖ್ಯಸ್ಥರು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು. ಹಿಂದೆ, ಅವತ್ತು ನಕ್ಕವರೇ ನೆಲ ನೋಡುತ್ತ ನಿಂತಿದ್ದರು. ಆ ತಟ್ಟೆ ಇನ್ನೂ ಇದೆಯಾ ಎಂದು ಮುಖ್ಯಸ್ಥರು ಕೇಳಿದರು; ಕಡತಕ್ಕೆ ಬೇಕಂತೆ. ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟರು.

"ನೀನೇ ಹೇಳಪ್ಪಾ, ಯಾವ ಮೆಷಿನ್ ತಗೊಳ್ಳೋಣ?"

ಅವನು ಆ ಕೈಯಿಂದ ಹೆಗಲು ಜಾರಿಸಿ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಬಾಗಿಲ ಕಡೆ ನಡೆದ.