ಹಳೆಯ ಅಳತೆ

“ಕಾಯಿಲೆ ಶುರುವಾಗೋಕೆ ಮುಂಚೆ ಪುಟ್ಟು ಯಾವತ್ತಾದ್ರೂ ತಾನು ಹುಡುಗಿ ಅಂತ ಹೇಳಿದ್ದುಂಟಾ?” ಡಾಕ್ಟರು ಕೇಳಿದರು.

“ನನಗಂತೂ ನೆನಪಿಲ್ಲ,” ಎಂದಳು ಅಮ್ಮ. ಪಕ್ಕದಲ್ಲಿದ್ದ ಪುಟ್ಟುವಿನ ಅಕ್ಕ ಬಾಗಿಲ ಕಡೆ ನೋಡಿದಳು.

ಅವಳ ತಮ್ಮ ಪುಟ್ಟು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಕಾಯಿಲೆ ಜೋರಾಗಿದ್ದಾಗ, ರೇಡಿಯೋದವರು ತನ್ನ ಮೂಳೆ ಬದಲಾಯಿಸಿದ್ದಾರೆ, ತಾನು ಸತ್ತುಹೋದ ರಾಣಿ ಎಂದೆಲ್ಲ ಕಿರುಚುತ್ತಿದ್ದ. ಮಾತ್ರೆಗೆ ರೇಡಿಯೋ ಬಾಯಿ ಮುಚ್ಚಿತು, ರಾಣಿಯೂ ಹೋದಳು. ತಾನು ಹೆಣ್ಣು ಎಂಬ ಮಾತು ಮಾತ್ರ ಉಳಿಯಿತು. ಅದನ್ನು ಅವನು ಮೆಲ್ಲಗೆ, ಗಾಬರಿಯಿಲ್ಲದೆ ಹೇಳುತ್ತಿದ್ದ.

“ಇದೂ ಕಾಯಿಲೇದೇ ಆದ್ರೆ ಮಾತ್ರೆ ಹೆಚ್ಚಿಸಬೇಕು. ಅಲ್ಲದೇ ಇದ್ರೆ, ಹೆಚ್ಚಿಸಿ ಸುಮ್ನೆ ಮಂಕು ಮಾಡಿದ ಹಾಗಾಗುತ್ತೆ. ಅದಕ್ಕೇ ಕೇಳ್ತಿರೋದು.”

ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಅಮ್ಮ ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುವವಳು. ತಮ್ಮ ಹಾಸಿಗೆ ಹಿಡಿದಂದಿನಿಂದ ಅವಳ ನಿದ್ದೆ, ಮುದ್ದು, ಬೈಗುಳ ಎಲ್ಲ ಅವನ ಪಾಲಾಗಿತ್ತು. ಮಗಳಿಗೆ ಹಳೆಯ ಅಳತೆಯಲ್ಲೇ ಏನೋ ಒಂದು ಹೊಲಿದು ಕೈಗಿಡುತ್ತಿದ್ದಳು. ಭುಜ ಬಿಗಿಯಾದರೂ ಕೇಳುವವರಿಲ್ಲ. ಈ ಮನೆಗೆ ಮಗಳು ಅನ್ನಿಸಿಕೊಳ್ಳುವುದೊಂದೇ ತನ್ನದಾಗಿ ಉಳಿದಿತ್ತು, ಈಗ ಅದರ ಮೇಲೂ ಅವನ ಕಣ್ಣು. ಇದನ್ನೂ ಕಾಯಿಲೆ ಅಂದುಬಿಟ್ಟರೆ ಅದಾದರೂ ದಕ್ಕೀತು. ಅವಳು ಸುಮ್ಮನಿದ್ದರೆ ಸಾಕಿತ್ತು.

ಅರೆತೆರೆದ ಬಾಗಿಲಾಚೆ ತಮ್ಮನ ಬೆನ್ನು ಕಾಣುತ್ತಿತ್ತು.

“ಹೇಳಿದ್ದುಂಟು,” ಎಂದಳು ಸಿಡುಕಿಕೊಂಡೇ. “ಶಾಲೆಗೆ ಸೇರೋಕೂ ಮುಂಚೆ. ನನ್ನ ಫ್ರಾಕ್ ಹಾಕ್ಕೊಂಡು, ಹಿಂದಿನ ಗುಂಡಿ ಹಾಕು ಅಂತ ಬೆನ್ನು ತಿರುಗಿಸಿ ನಿಲ್ತಿದ್ದ. ನಾನೂ ನಿನ್ನ ಥರ ಹುಡುಗೀನೇ ಅಕ್ಕ, ಯಾರಿಗೂ ಹೇಳ್ಬೇಡ ಅನ್ನೋನು. ದೊಡ್ಡವನಾದ ಮೇಲೂ ಅದನ್ನೇ ಅಂತಿದ್ದ. ಆಗ ರೇಡಿಯೋನೂ ಇರ್ಲಿಲ್ಲ, ರಾಣೀನೂ ಇರ್ಲಿಲ್ಲ.”

ಅಮ್ಮ ಅವಳ ಮುಖವನ್ನೇ ನೋಡಿದಳು.

“ಮಾತ್ರೆ ಈಗಿರೋಷ್ಟೇ ಇರ್ಲಿ,” ಎಂದರು ಡಾಕ್ಟರು. “ಪುಟ್ಟು ಜೊತೆ ಇನ್ನೂ ಮಾತಾಡೋದಿದೆ.”

ಮನೆಗೆ ಬಂದವಳೇ ಅಮ್ಮ ಟೇಪು ತೆಗೆದುಕೊಂಡು ಪುಟ್ಟುವನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. ಬೀದಿಯ ಹೆಂಗಸರಿಗೆ ಅಳೆಯುವ ಹಾಗೆಯೇ ಭುಜ, ಎದೆ, ಸೊಂಟ, ಒಂದೊಂದನ್ನೂ ನಿಧಾನವಾಗಿ ಅಳೆದಳು. ಅಕ್ಕ ಬಾಗಿಲಿಗೆ ಒರಗಿ, ಹೇಳಬಾರದಿತ್ತು ಎಂದು ಒಳಗೊಳಗೇ ಕುದಿದಳು.

“ಅಮ್ಮ, ಅಕ್ಕಂಗೂ ಅಳತೆ ತಗೋ,” ಎಂದಿತು ಕನ್ನಡಿಯ ಕಡೆಯಿಂದ ಪುಟ್ಟುವಿನ ದನಿ. “ಯಾವಾಗಿಂದಲೋ ಅವಳಿಗೆ ಭುಜ ಬಿಗೀತಿದೆ.”

ಅಮ್ಮ ತಿರುಗಿದಳು. ಮಗಳ ಭುಜದ ಹೊಲಿಗೆ ಬಿರಿದಿದ್ದು ಈಗ ಅವಳ ಕಣ್ಣಿಗೆ ಬಿತ್ತು.

“ಬಾರೇ ಇಲ್ಲಿ.”

ಅಕ್ಕ ಹೋಗಿ ಪುಟ್ಟುವಿನ ಪಕ್ಕ ನಿಂತಳು. ಭುಜದ ಮೇಲೆ ಬಂದ ಟೇಪು ಇನ್ನೂ ಬೆಚ್ಚಗಿತ್ತು.