ಕಂಬನ ಕಡೆಗೆ ಓಟ

ಪಾದದ ಕೆಳಗಿನ ಹಲಗೆಯಲ್ಲಿ ಏನೋ ಸಣ್ಣಗೆ ನಡುಗುತ್ತಿದೆ, ಫ್ಲಮೆಂಕೊ ಕುಣಿಯುವ ನಮ್ಮ ಗುಡುಗಮ್ಮನೇ ಇರಬೇಕು, ವೇದಿಕೆಯ ಹಿಂದಿನ ಓಣಿಯಲ್ಲಿ ಹಿಮ್ಮಡಿ ಕುಟ್ಟಿ ಕಾಲು ಬಿಸಿ ಮಾಡಿಕೊಳ್ಳುತ್ತಿದ್ದಾಳೆ, ಕೆಂಪು ಸ್ಪ್ಯಾನಿಷ್ ಲಂಗದ ನೆರಿಗೆಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು — ಕೊನೆಯ ಸರದಿ ಅವಳದು, ಈ ಸಂಭ್ರಮದ ಸಂಜೆಯನ್ನು ಮುಗಿಸಿಕೊಡುವವಳು ಅವಳೇ, ಅದಕ್ಕೆ ಮೊದಲು ನಾವು, ನಮಗಿಂತ ಮೊದಲು ಈಗ ವೇದಿಕೆಯ ಮೇಲೆ ಉರುಳಾಡುತ್ತಿರುವ ಬರಿಗಾಲಿನವರು. ಬ್ಯಾಲೆಯವರಾದ ನಾವು ಕಂಟೆಂಪರರಿ ನೃತ್ಯದವರನ್ನು ಕರೆಯುವುದೇ ಹಾಗೆ, ಅವರು ನಮ್ಮನ್ನು ತುದಿಗಾಲಿನವರು ಅನ್ನುತ್ತಾರೆ, ಗುಡುಗಮ್ಮ ಇಬ್ಬರನ್ನೂ ಸೇರಿಸಿ, ನಿಮಗ್ಯಾರಿಗೂ ನೆಲದ ಮೇಲೆ ನೆಟ್ಟಗೆ ನಿಲ್ಲೋಕೇ ಬರಲ್ಲ ಬಿಡ್ರೇ ಎಂದು ನಗಾಡುತ್ತಾಳೆ. ವರ್ಷಕ್ಕೊಮ್ಮೆ ಮಾತ್ರ ಮೂರೂ ತಂಡದವರು ಒಂದೇ ಗ್ರೀನ್ ರೂಮಿನಲ್ಲಿ ಒಬ್ಬರ ಕನ್ನಡಿಗೆ ಒಬ್ಬರು ಅಡ್ಡ ನಿಲ್ಲುತ್ತೇವೆ, ಬಾಗಿಲಿಗೆಲ್ಲ ಹೂವು, ಮೆಟ್ಟಿಲಿಗೆಲ್ಲ ಪುಟ್ಟ ಪುಟ್ಟ ದೀಪ, ಪೌಡರಿನ ವಾಸನೆ, ಕಾಲು ಜಾರದಿರಲೆಂದು ಹಚ್ಚಿಕೊಳ್ಳುವ ರಾಳದ ಪುಡಿಯ ವಾಸನೆ, ಯಾರದೋ ನೋವಿನ ಮುಲಾಮಿನ ವಾಸನೆ. ನೀಲಿ ಬೆಳಕಿನಲ್ಲಿ ಬರಿಗಾಲಿನವರ ತೋಳು ಕಾಲುಗಳ ಸಂದಿಯಿಂದ ಎದುರು ಬದಿಯ ಪರದೆಯ ಮರೆ ಕಾಣುತ್ತದೆ, ಅಲ್ಲಿ ನನ್ನ ಗಂಡ, ಕಾಣುತ್ತಾನೆ, ಮರೆಯಾಗುತ್ತಾನೆ, ಮತ್ತೆ ಕಾಣುತ್ತಾನೆ. ಅವನು ಆ ಕಡೆಯಿಂದ, ನಾನು ಈ ಕಡೆಯಿಂದ, ನಮ್ಮ ಪ್ರವೇಶ ಹಾಗೆ. ಎಡಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದಾನೆ. ಬೆವರಿರಬೇಕು. ಬೆವರೇ ಆಗಿರಲಿ.

ಬೆಳಿಗ್ಗೆಯೂ ಅದೇ ಕೈ. ಮಗಳ ಹೊಸ ಫ್ರಾಕಿಗೆ ಬೆನ್ನಿನ ಗುಂಡಿ ಹಾಕುತ್ತಾ ಕೂತಿದ್ದ, ಅವಳು ಅಪ್ಪಾ ಬೇಗ, ಅಪ್ಪಾ ಕಚಗುಳಿ ಎಂದು ನಿಂತಲ್ಲೇ ಕುಣಿಯುತ್ತಿದ್ದಳು, ನಾನು ಒಲೆಯ ಕಡೆ ಮುಖ ಮಾಡಿ ಕಾಫಿ ಸೋಸುತ್ತಿದ್ದೆ, ಬೆನ್ನು ತಿರುಗಿಸಿದ್ದರೂ ಕಿವಿ ಅಲ್ಲೇ, ಯಾಕೆಂದರೆ ಒಂದು ಗುಂಡಿಗೆ ಅಷ್ಟು ಹೊತ್ತು ಹಿಡಿಯಬಾರದು, ಹಿಡಿಯಿತು, ಆಮೇಲೆ, ಥೂ ಈ ಗುಂಡಿನೇ ಸಣ್ಣದು ಕಣಮ್ಮ, ಎಂಥ ದರ್ಜಿನೋ ಏನೋ ಅಂದ. ಅತ್ತೆ ಪೇಪರ್ ಓದುತ್ತಿದ್ದರು. ಕನ್ನಡಕ ತೆಗೆದಿಟ್ಟರು, ಬಾ ಪುಟ್ಟಿ ಇಲ್ಲಿ ಎಂದರು, ಪಟಪಟನೆ ಎಲ್ಲ ಗುಂಡಿಯನ್ನೂ ಹಾಕಿದರು, ಮಗನ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ, ಮತ್ತೆ ಪೇಪರ್ ಎತ್ತಿಕೊಂಡರು, ಪುಟ ಮಾತ್ರ ತಿರುಗಲೇ ಇಲ್ಲ. ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಎತ್ತಿ ಕೂರಿಸುತ್ತಿದ್ದ ಕೈ ಅಂತೆ, ನಾನು ಆ ಕೈಯನ್ನು ನೋಡಲಿಲ್ಲ, ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರ ಲೋಟಕ್ಕೆ ಅರ್ಧವೇ ಸುರಿಯಬೇಕಮ್ಮ, ಕೈ ನಡುಗಿ ಚೆಲ್ಲಿಕೊಳ್ತಾರೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಮಾವ ತೀರಿಹೋದ ಮೇಲೆ ಒಂದು ದಿನ ಬಟ್ಟೆ ಮಡಿಸುತ್ತಾ ಕೂತಾಗ ಅತ್ತೆಯೇ ಅಂದರು, ಮೊದಮೊದಲು ನಂಗೂ ಗೊತ್ತಾಗಲಿಲ್ಲ ನೋಡು, ಅಂಗಿ ಗುಂಡಿ ಹಾಕ್ಕೊಳ್ಳೋಕೆ ಒದ್ದಾಡೋರು, ಏನ್ರೀ ಅಂದ್ರೆ ಗುಂಡಿನೇ ಸಣ್ಣದು ಅನ್ನೋರು. ಅದೇ ಮಾತು, ಅಪ್ಪನ ಬಾಯಿಂದ ಮಗನ ಬಾಯಿಗೆ ಅದು ಯಾವಾಗ ಬಂತು, ಅವನಿಗೆ ಗೊತ್ತಿದ್ದು ಅಂದನೋ, ಗೊತ್ತಿಲ್ಲದೆ ಅಂದನೋ, ಕಾಫಿ ಲೋಟದಿಂದಾಚೆ ಚೆಲ್ಲಿತು, ಬಟ್ಟೆ ತಂದು ಒರೆಸಿದೆ, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದೆ.

ಇವನನ್ನು ತಂಡದವರೆಲ್ಲ ಕಂಬ ಅನ್ನುತ್ತಾರೆ. ಜೊತೆಗೆ ಕಲಿಯುತ್ತಿದ್ದಾಗಿನಿಂದಲೂ ಕಂಬನೇ, ಅವನಿಗೆ ಕುಣಿಯೋದಕ್ಕಿಂತ ನಿಲ್ಲೋದು ಚೆನ್ನಾಗಿ ಬರುತ್ತೆ ಎಂದು ಹುಡುಗರು ರೇಗಿಸುತ್ತಿದ್ದರು, ಹುಡುಗಿಯರು ಮಾತ್ರ ರೇಗಿಸುತ್ತಿರಲಿಲ್ಲ, ಎತ್ತಿಸಿಕೊಳ್ಳುವವರಿಗೆ ಗೊತ್ತು ಅದರ ಬೆಲೆ. ನಾನು ಗುಬ್ಬಿ. ಓಡಿ ಬಂದು ಹಾರುವುದು ನನ್ನ ಕೆಲಸ, ಗಾಳಿಯಲ್ಲಿರುವಾಗ ಸೊಂಟ ಹಿಡಿದು ತಲೆಯ ಮೇಲಕ್ಕೆತ್ತಿ ನಿಲ್ಲಿಸುವುದು ಅವನ ಕೆಲಸ, ಮದುವೆಗೂ ಎಷ್ಟೋ ಮೊದಲು ಶುರುವಾದದ್ದು, ಮದುವೆಯಾಗು ಎಂದು ಕೇಳಿದ್ದೂ ಅಲ್ಲೇ ಮೇಲೆ ಹಿಡಿದುಕೊಂಡೇ, ಹೂಂ ಅನ್ನೋವರೆಗೆ ಇಳಿಸಲ್ಲ ಕಣೆ. ಮೇಲಿನಿಂದ ನೋಡಿದರೆ ಅವನ ನೆತ್ತಿ ಕಾಣುತ್ತದೆ, ಲೋಕದಲ್ಲಿ ಅವನ ನೆತ್ತಿಯ ಸುಳಿಯನ್ನು ನನ್ನಷ್ಟು ನೋಡಿರುವವರು ಅವನಮ್ಮ ಒಬ್ಬರೇ. ಹೋದ ವಾರದ ಅಭ್ಯಾಸದಲ್ಲಿ ಅಲ್ಲಿ ಮೇಲೆ ಏನೋ ಸರಿಯಾಗಲಿಲ್ಲ, ಅವನ ಎಡಗೈ ಸಡಿಲವಾಗಿ ಮತ್ತೆ ಗಬಕ್ಕನೆ ಹಿಡಿಯಿತು, ಹೆಬ್ಬೆರಳು ಪಕ್ಕೆಲುಬಿನ ಕೆಳಗೆ ಇಳಿದ ಜಾಗ ನೇರಳೆ ಬಣ್ಣಕ್ಕೆ ತಿರುಗಿದೆ, ಅದರ ಮೇಲೆ ಇವತ್ತು ಪೌಡರ್ ಹಚ್ಚಿಕೊಂಡಿದ್ದೇನೆ. ಏನಾಯ್ತೋ ಅಂದೆ. ಚಳಿಗೆ ಕಣೆ ಅಂದ. ಅವತ್ತು ಸೆಕೆ ಇತ್ತು. ರಾತ್ರಿ ಅವನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಬಾಗಿಲು ಪೂರ್ತಿ ಹಾಕಿಕೊಳ್ಳದೆ, ಎಡಗೈ ಮುಷ್ಟಿ ಮುಚ್ಚಿ ತೆರೆದು ಮುಚ್ಚಿ ತೆರೆದು ನಿಂತದ್ದನ್ನು ನೋಡಿದೆ, ನೋಡಿ ಹಿಂದಕ್ಕೆ ಸರಿದೆ, ಯಾಕೆ ಸರಿದೆ, ಒಳಗೆ ಹೋಗಿ ಆ ಕೈ ಹಿಡಿದುಕೊಂಡಿದ್ದರೆ ಆಗುತ್ತಿತ್ತಲ್ಲ, ಹಿಡಿದುಕೊಂಡರೆ ತಿಳಿದುಬಿಡುತ್ತಿತ್ತು, ತಿಳಿದರೆ ಹೇಳಬೇಕಾಗುತ್ತಿತ್ತು. ನಮಗೆ ಬ್ಯಾಲೆ ಕಲಿಸಿ ತಂಡ ನಡೆಸುವ ಮೇಷ್ಟ್ರ ಕೋಣೆಯವರೆಗೂ ಹೋದೆ. ಮೇಷ್ಟ್ರು ಫೋನಿನಲ್ಲಿದ್ದರು, ಕೂರು ಎಂದು ಕೈಯಲ್ಲೇ ಸನ್ನೆ ಮಾಡಿದರು, ಆ ಕಡೆಯವರಿಗೆ ಹೇಳುತ್ತಿದ್ದರು, ಅಯ್ಯೋ ಅದನ್ನ ಬಿಡೋಕಾಗುತ್ತಾ, ಜನ ಬರೋದೇ ಆ ಒಂದು ಹಾರಾಟ ನೋಡೋಕೆ. ಆಮೇಲೆ ಏನಮ್ಮ ಅಂದರು. ಏನಿಲ್ಲ ಸರ್, ಬ್ಯಾಲೆ ಷೂಗೆ ರಿಬ್ಬನ್ನು ಬೇಕಿತ್ತು ಅಂದೆ. ಕೊಟ್ಟರು. ಹೇಳಿದ್ದರೆ ಇವನನ್ನು ಪಕ್ಕಕ್ಕೆ ಕೂರಿಸುತ್ತಿದ್ದರು, ಕಂಬನ ಜಾಗಕ್ಕೆ ಇನ್ನೊಬ್ಬನನ್ನು ತರುತ್ತಿದ್ದರು, ಅದೂ ನನ್ನ ಬಾಯಿಂದ. ಇವತ್ತು ಸಂಜೆ ಕನ್ನಡಿಯ ಮುಂದೆ ಅವನ ಹುಬ್ಬು ತಿದ್ದುತ್ತಾ ಕೇಳಿದೆ, ನಿಜ ಹೇಳೋ, ಎತ್ತೋದು ಬೇಡ, ಬರೀ ತಿರುಗಿಸಿ ಇಳಿಸಿಬಿಡು, ಯಾರಿಗೂ ಗೊತ್ತಾಗಲ್ಲ. ಕನ್ನಡಿಯೊಳಗಿಂದಲೇ ನನ್ನ ನೋಡಿದ. ಇಷ್ಟು ವರ್ಷದಲ್ಲಿ ಒಂದ್ಸಲ ಬಿಟ್ಟಿದ್ದೀನಾ ನಿನ್ನ. ಇಲ್ಲ. ಮತ್ತೆ. ಮತ್ತೆ ಅಂದನಷ್ಟೇ, ನನ್ನ ಕೈಯ ಪೆನ್ಸಿಲು ಒತ್ತಿಹೋಯಿತು, ಹುಬ್ಬು ಒಂದು ಕಡೆ ದಪ್ಪವಾಯಿತು.

ಚಪ್ಪಾಳೆ. ಬರಿಗಾಲಿನವರು ಬೆವರಿನ ಬಿಸಿಯೊಂದಿಗೆ ನನ್ನ ಪಕ್ಕದಿಂದಲೇ ಒಳಗೆ ನುಗ್ಗುತ್ತಾರೆ, ಯಾರೋ ಭುಜ ತಟ್ಟಿ ಆಲ್ ದಿ ಬೆಸ್ಟ್ ಗುಬ್ಬಿ ಅನ್ನುತ್ತಾರೆ, ಪಿಟೀಲು ಶುರುವಾಗಿದೆ, ಕಾಲು ತಾನಾಗಿಯೇ ಹೊರಟುಬಿಟ್ಟಿದೆ, ಬೆಳಕು, ಕತ್ತಲೆಯಲ್ಲಿ ತಲೆಗಳು, ಮುಂದಿನ ಸಾಲಿನಲ್ಲೆಲ್ಲೋ ಅತ್ತೆ, ಅವರ ತೊಡೆಯ ಮೇಲೆ ಮಗಳು, ನೋಡಬಾರದು, ನೋಡಿದರೆ ಅಮ್ಮ ಅನ್ನುತ್ತಾಳೆ. ಅವನು ಎದುರಿನಿಂದ ಬರುತ್ತಾನೆ. ಕೈ ಕೊಡುತ್ತಾನೆ. ಬೆಚ್ಚಗಿದೆ, ಒಣಗಿದೆ, ಗಟ್ಟಿಯಾಗಿದೆ. ನೋಡು, ಏನೂ ಆಗಿಲ್ಲ, ನೀನೇ ಇಲ್ಲದ್ದನ್ನು ಹೆಣೆದುಕೊಂಡೆ, ನೀನು ಮೊದಲಿನಿಂದಲೂ ಹಾಗೇ, ಮಗಳು ಕೆಮ್ಮಿದರೆ ಆಸ್ಪತ್ರೆಯವರೆಗೆ ಯೋಚಿಸಿಬಿಡುತ್ತೀಯ. ಅವನ ಬೆರಳ ತುದಿ ಹಿಡಿದು ಒಂದೇ ಕಾಲಿನ ಮೇಲೆ ತಿರುಗುತ್ತೇನೆ, ನಿಲ್ಲಿಸುತ್ತಾನೆ, ಸರಿಯಾಗಿ ನಿಲ್ಲಿಸುತ್ತಾನೆ, ಜನ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ, ಎಷ್ಟು ಚೆನ್ನಾಗಿ ಕುಣಿಯುತ್ತಿದ್ದಾನೆ ಇವತ್ತು, ಹುಡುಗನಾಗಿದ್ದಾಗ ಹೀಗೇ ಕುಣಿಯುತ್ತಿದ್ದ, ಮುಖ ಪೂರ್ತಿ ತೆರೆದುಕೊಂಡು. ನನ್ನ ಸೊಂಟ ಬಳಸಿದಾಗ ಮಾತ್ರ ಎಡಗೈಯ ಕಿರುಬೆರಳು ಬಟ್ಟೆಯ ಮೇಲೆ ಟಪಟಪಟಪ ಬಡಿಯಿತು. ಹಲಗೆಯಡಿಯ ಗುಡುಗಮ್ಮನ ಹಿಮ್ಮಡಿಯೋ ಅಂದುಕೊಂಡೆ. ಗುಡುಗಮ್ಮ ಎಲ್ಲಿ, ಅವಳು ಕುಟ್ಟುವುದನ್ನು ಆಗಲೇ ನಿಲ್ಲಿಸಿದ್ದಾಳೆ, ಪರದೆಯ ಪಕ್ಕದಲ್ಲಿ ಬೀಸಣಿಗೆ ಮಡಚಿ ನಮ್ಮನ್ನೇ ನೋಡುತ್ತಿದ್ದಾಳೆ. ಅವನು ನನ್ನ ಬಿಟ್ಟು ದೂರ ಸರಿದ. ನಾನು ಹಿಂದೆ ಹಿಂದೆ ಹೋಗಿ ವೇದಿಕೆಯ ಮೂಲೆ ಸೇರಬೇಕು, ಸೇರಿದೆ, ಅಲ್ಲಿಂದ ಓರೆಯಾಗಿ ಓಡಿ ಬಂದು ಹಾರಬೇಕು, ತುತ್ತೂರಿಗಳ ದನಿ ಎದ್ದಿತು, ಓಡುತ್ತಿದ್ದೇನೆ, ಅರ್ಧ ಮನಸ್ಸಿನಲ್ಲಿ ಹಾರಿದವಳನ್ನು ಎಂಥವನೂ ಹಿಡಿಯಲಾರ, ಪೂರ್ತಿ ಹಾರು, ಇಲ್ಲ ಹಾರಲೇಬೇಡ, ಮಗಳು ಅಲ್ಲೇ ಕೂತಿದ್ದಾಳೆ, ಅವಳ ಕಣ್ಣೆದುರಿಗೆ ನಾನು ಬಿದ್ದರೆ, ನಾನು ಬೀಳುವುದಲ್ಲ, ಅವಳ ಕಣ್ಣೆದುರಿಗೆ ಅವಳಪ್ಪ ನನ್ನನ್ನು ಬೀಳಿಸಿದರೆ, ಅವನು ಆಮೇಲೆ ಆ ಕೈಯನ್ನು ಎಲ್ಲಿಟ್ಟುಕೊಂಡು ಬದುಕುತ್ತಾನೆ — ಇದೆಲ್ಲ ಆಗ ಯೋಚಿಸಿದೆನೋ, ಈಗ ಜೋಡಿಸುತ್ತಿದ್ದೇನೋ, ಕಾಲಿಗೆ ಯೋಚನೆ ಇರುವುದಿಲ್ಲ, ಕಾಲು ನಿಂತಿತು.

ನಿಂತಿತು. ಅವನ ಮುಂದೆ, ಒಂದು ಮಂಚದಷ್ಟು ದೂರದಲ್ಲಿ, ತುದಿಗಾಲಿನ ಮೇಲೆ. ತುತ್ತೂರಿಗಳು ಮೇಲಕ್ಕೆ ಹೋದವು, ನಾನು ಹೋಗಲಿಲ್ಲ. ಅವನು ಎರಡೂ ತೋಳು ಚಾಚಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ನಗುತ್ತಾ ನಿಂತಿದ್ದ, ನಗು ಹಾಗೇ ಇತ್ತು, ತೋಳು ಹಾಗೇ ಇತ್ತು, ನಾನು ಇನ್ನೂ ಬರುತ್ತಿದ್ದೇನೆ ಅಂದುಕೊಂಡವನ ಹಾಗೆ. ಆಮೇಲೆ ನನ್ನ ಮೈ ಏನೋ ಒಂದು ಸುತ್ತು ತಿರುಗಿತು, ಅವನು ನಿಧಾನವಾಗಿ ಕೈ ಇಳಿಸಿದ, ಇಳಿಸುವುದೂ ಕುಣಿತದ್ದೇ ಭಾಗವೇನೋ ಎಂಬಂತೆ ಅಷ್ಟು ಚೆಂದ ಇಳಿಸಿದ, ಮಂಡಿಯೂರಿದ, ನಾನು ಅವನ ಭುಜದ ಮೇಲೆ ತಲೆಯಿಟ್ಟೆ, ಬೆಳಕು ಆರಿತು. ಚಪ್ಪಾಳೆ ಬಂತು. ಗೊತ್ತಾಗದವರ ಚಪ್ಪಾಳೆ ಜೋರಾಗಿತ್ತು. ಕತ್ತಲಲ್ಲಿ ಅವನು ಎದ್ದು ನನ್ನ ಮೊಣಕೈ ಹಿಡಿದು ಪರದೆಯ ಮರೆಗೆ ಕರೆತಂದ, ಬಲಗೈಯಿಂದ. ಮೇಷ್ಟ್ರು ಅಲ್ಲೇ ಇದ್ದರು, ಮುಖ ಕೆಂಪಾಗಿತ್ತು, ಏನಾಯ್ತಮ್ಮಾ, ಏನಾಯ್ತು ನಿಂಗೆ, ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಅಂದ, ಅವಳದೇನಿಲ್ಲ ಸರ್, ನಾನು ಸರಿಯಾಗಿ ನಿಂತಿರಲಿಲ್ಲ, ಅವಳು ನೋಡಿ ನಿಲ್ಲಿಸಿದ್ಲು, ಒಳ್ಳೇದೇ ಆಯ್ತು. ಸುಳ್ಳು, ಕಂಬ ಸರಿಯಾಗಿ ನಿಲ್ಲದ ದಿನವೇ ಇಲ್ಲ, ಮೇಷ್ಟ್ರಿಗೂ ಗೊತ್ತು, ಅವರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಅವನ ಕೈ ನೋಡಿದರು, ಹೋಗಿ ನೀರು ಕುಡೀರಿ ಅಂದರು, ದನಿ ಇಳಿದಿತ್ತು. ಗುಡುಗಮ್ಮ ನಮ್ಮಿಬ್ಬರ ನಡುವಿನಿಂದ ಹಾದು ವೇದಿಕೆಗೆ ಹೋಗುತ್ತಾ ನನ್ನ ಕೆನ್ನೆಯನ್ನು ಬೀಸಣಿಗೆಯ ತುದಿಯಿಂದ ಮುಟ್ಟಿದಳು.

ಅವಳ ಗುಡುಗು ಶುರುವಾಯಿತು, ಗಿಟಾರು, ಜನ ತಾಳ ಹಾಕುತ್ತಿದ್ದಾರೆ, ಸಭಾಂಗಣವೇ ಎದ್ದು ಕುಣಿಯುವ ಹಾಗಿದೆ, ನಾವಿಬ್ಬರೂ ಬಣ್ಣ ಹಚ್ಚಿದ ಮರದ ಸೆಟ್ಟಿಗೆ ಒರಗಿ ನಿಂತಿದ್ದೇವೆ. ಬೈಯಲಿ ಅಂದುಕೊಂಡೆ. ಬೈದರೆ ನಾನೂ ಗುಂಡಿಯ ಮಾತು ತೆಗೆಯುತ್ತೇನೆ, ನಲ್ಲಿಯ ಮಾತು, ಚಳಿಯ ಮಾತು, ಎಲ್ಲ ತೆಗೆಯುತ್ತೇನೆ. ಅವನು ಬೈಯಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಾ, ಯಾವಾಗಿಂದ ಗೊತ್ತು ನಿಂಗೆ ಅಂದ. ಗೊತ್ತಿತ್ತು ಅಷ್ಟೇ ಅಂದೆ. ಅಮ್ಮಂಗೆ? ಅವರಿಗೂ. ತಲೆಯಾಡಿಸಿದ. ಸೋಮವಾರ ತೋರಿಸ್ತೀನಿ ಡಾಕ್ಟರಿಗೆ, ಇದೊಂದು ಸಂಜೆ ಮುಗೀಲಿ ಅಂತಿದ್ದೆ, ಆಮೇಲೆ ನಾನೇ ಮೇಷ್ಟ್ರಿಗೆ ಹೇಳೋನಿದ್ದೆ. ಆಮೇಲೆ ನನ್ನ ಕಡೆ ತಿರುಗದೆ, ಯಾರಿಗೋ ದಾರಿ ಹೇಳುವಷ್ಟು ಸಹಜವಾಗಿ ಅಂದ, ಇವತ್ತು ಹಿಡೀತಿದ್ದೆ ಕಣೆ, ಇವತ್ತೊಂದು ದಿನ ಹಿಡೀತಿದ್ದೆ.

ಇವತ್ತೊಂದು ದಿನ. ಅಂದರೆ ಅವನು ಇದೊಂದನ್ನೇ ಉಳಿಸಿಟ್ಟುಕೊಂಡಿದ್ದ, ಕೊನೆಯದು ಎಂದು ಗೊತ್ತಿದ್ದೇ ಉಳಿಸಿಟ್ಟುಕೊಂಡಿದ್ದ, ಅದಕ್ಕೇ ಆ ಮುಖ ಅಷ್ಟು ತೆರೆದಿತ್ತು. ಹಿಡಿಯುತ್ತಿದ್ದನೋ. ಹಿಡಿಯುತ್ತಿದ್ದ. ಕಿರುಬೆರಳು ಬಡಿಯುತ್ತಿತ್ತಲ್ಲ. ಬಡಿದರೇನು, ಉಳಿದ ಬೆರಳುಗಳಿದ್ದವು, ಬಲಗೈ ಇತ್ತು, ಇಡೀ ಮೈಯಿತ್ತು ಅವನಿಗೆ. ಬಿದ್ದಿದ್ದರೆ. ಬೀಳುತ್ತಿರಲಿಲ್ಲ. ಯಾರನ್ನು ಕೇಳಲಿ, ಹಾರಿ ನೋಡಿದ್ದರೆ ತಿಳಿಯುತ್ತಿತ್ತು, ಹಾರಲಿಲ್ಲ, ಇನ್ನು ಹಾರುವುದೂ ಇಲ್ಲ, ಇನ್ನು ಯಾವ ಡಾಕ್ಟರೂ ಇದೊಂದನ್ನು ಹೇಳಲಾರ. ಎಲ್ಲರೂ ಬನ್ನಿ ಬನ್ನಿ ಎಂದು ಮೇಷ್ಟ್ರು ಕೈ ಬೀಸುತ್ತಿದ್ದಾರೆ, ಕೊನೆಯ ನಮಸ್ಕಾರ, ತುದಿಗಾಲಿನವರು ಬರಿಗಾಲಿನವರು ಗುಡುಗಮ್ಮ ಎಲ್ಲರೂ ಒಂದೇ ಸಾಲು, ಮೇಲಿನಿಂದ ಬಣ್ಣದ ಕಾಗದದ ಚೂರು ಸುರಿಯುತ್ತಿದೆ, ಅವನು ಕೈ ಚಾಚಿದ, ಎಡಗೈಯನ್ನೇ, ಹಿಡಿದುಕೊಂಡೆ, ನಡುಗುತ್ತಿದೆ, ಅವನದೋ ನನ್ನದೋ ತಿಳಿಯುತ್ತಿಲ್ಲ, ಬಗ್ಗುತ್ತೇವೆ, ಏಳುತ್ತೇವೆ, ಮಗಳು ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದಾಳೆ, ಅತ್ತೆ ತಟ್ಟುತ್ತಿಲ್ಲ, ನಗು ಗುಬ್ಬಿ ನಗು ಎಂದು ಯಾರೋ ಪಿಸುಗುಟ್ಟುತ್ತಾರೆ, ನಗುತ್ತೇನೆ, ಬಗ್ಗುತ್ತೇನೆ, ಕಣ್ಣೆದುರಿಗೆ ಜನವಿಲ್ಲ, ಪಕ್ಕದಲ್ಲೇ ಕೈ ಹಿಡಿದಿರುವವನು ಬೆಳಕಿನ ನಡುವೆ ಆಗಿನ ಹಾಗೇ ನಿಂತಿದ್ದಾನೆ, ಮೊಣಕಾಲು ಸ್ವಲ್ಪ ಬಗ್ಗಿಸಿ, ನಗುತ್ತಾ, ಎರಡೂ ತೋಳು ಚಾಚಿ, ಮತ್ತೆ ಏಳುತ್ತೇನೆ, ಮತ್ತೆ ಅವನೇ, ಎರಡೂ ತೋಳು ಚಾಚಿ, ನಾನಿನ್ನೂ ಬರುತ್ತಿದ್ದೇನೆ ಅಂದುಕೊಂಡು, ಎರಡೂ ತೋಳು ಚಾಚಿ